ಖಳನಾಯಕನ ಮೇಲೆ ಕನಿಕರ: ಪದೇ ಪದೇ ಕೇಳುವ ಪ್ರಶ್ನೆಗಳು

ಕತೆಯಲ್ಲಿ ಕೆಟ್ಟವನು ಸೋಲುವಾಗ ಗಂಟಲು ಕಟ್ಟಿಕೊಳ್ಳುವ ಓದುಗರಿಗೂ ಪ್ರೇಕ್ಷಕರಿಗೂ ಈ ಪುಟ. ಉದಾಹರಣೆಗಳಲ್ಲಿ ಹೆಚ್ಚಿನವು ಕನ್ನಡದವು. ಈ ವಿಷಯದಲ್ಲಿ ನಮ್ಮ ಹಳೆಯ ಕವಿಗಳು ಯಾರಿಗೂ ಸಾಲ ಕೇಳಬೇಕಾದವರಲ್ಲ.

ಖಳನ ಮೇಲೆ ಕನಿಕರ ಹುಟ್ಟಿದರೆ ನನ್ನಲ್ಲೇ ಏನೋ ದೋಷವಿದೆ ಎಂದರ್ಥವೇ?

ಇಲ್ಲ. ದೋಷವಿದ್ದರೆ ಸಾವಿರ ವರ್ಷಗಳಿಂದ ಕನ್ನಡ ಓದಿದವರೆಲ್ಲರಲ್ಲೂ ಇದೆ. ಕನಿಕರ ಪಡುವುದು ಬೇರೆ, ಮಾಡಿದ್ದು ಸರಿ ಎನ್ನುವುದು ಬೇರೆ. ಜೈಲಿನಲ್ಲಿರುವ ಮಗನಿಗೆ ಬುತ್ತಿ ಒಯ್ಯುವ ತಾಯಿ ನ್ಯಾಯಾಧೀಶರ ತೀರ್ಪನ್ನು ತಪ್ಪೆಂದು ಹೇಳುತ್ತಿಲ್ಲ.

ಇದು ಈಚಿನ ಸಿನಿಮಾಗಳು, ವೆಬ್ ಸರಣಿಗಳು ಅಂಟಿಸಿದ ಚಟವಲ್ಲವೇ? ಹಿಂದೆ ಒಳ್ಳೆಯವನು ಒಳ್ಳೆಯವನಾಗಿದ್ದ, ಕೆಟ್ಟವನು ಕೆಟ್ಟವನಾಗಿದ್ದ.

ಆ 'ಹಿಂದೆ' ಯಾವ ಕಾಲದ್ದು ಎಂದು ಕೇಳಬೇಕಾಗುತ್ತದೆ. ಕ್ರಿ.ಶ. 941ರ ಸುಮಾರಿಗೆ ಪಂಪ ತನ್ನ ಭಾರತವನ್ನು ಬರೆದ. ಅವನ ಕಥಾನಾಯಕ ಅರ್ಜುನ. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡು ಹೊಗಳಿದ ಕಾವ್ಯ ಅದು. ಆದರೂ 'ನೆನೆವೊಡೆ ಕರ್ಣನಂ ನೆನೆಯ' ಎಂದು ಎದುರುಪಕ್ಷದವನಿಗಾಗಿ ಹಾಡಿದ. ದುರ್ಯೋಧನನನ್ನೂ ಅವನು ಬರಿಗೈಯಲ್ಲಿ ಕಳುಹಿಸಲಿಲ್ಲ. ಭಾರತದ ಮಹಾಪುರುಷರನ್ನು ಒಬ್ಬೊಬ್ಬರ ಒಂದೊಂದು ಗುಣದಿಂದ ಎಣಿಸುವ ಪದ್ಯವನ್ನು 'ಚಲದೊಳ್ ದುರ್ಯೋಧನಂ' ಎಂದೇ ಶುರು ಮಾಡಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನ ದುರ್ಯೋಧನನ ಕೊನೆಯ ದಿನವನ್ನು ಹಿಡಿದು ಗದಾಯುದ್ಧ ಎಂಬ ಇಡೀ ಕಾವ್ಯ ಕಟ್ಟಿದ. 1100ರ ಆಸುಪಾಸಿನ ನಾಗಚಂದ್ರ ರಾವಣನಿಗಾಗಿ ಮರುಗಿದ. ಸಂಸ್ಕೃತದಲ್ಲಿ ಭಾಸನ ಹೆಸರಿನಲ್ಲಿರುವ ಊರುಭಂಗವಂತೂ ತೊಡೆ ಮುರಿದು ಬಿದ್ದ ದುರ್ಯೋಧನನನ್ನೇ ನಡುವೆ ಇಟ್ಟುಕೊಂಡ ನಾಟಕ.

ಬಣ್ಣದ ಪರದೆಯ ಮೇಲೆ ಒಳ್ಳೆಯವನು ಬಿಳಿ ಅಂಗಿ, ಕೆಟ್ಟವನು ಕಪ್ಪು ಅಂಗಿ ತೊಟ್ಟು ಬಂದ ಕಾಲ ಈ ಲೆಕ್ಕದಲ್ಲಿ ಬಹಳ ಚಿಕ್ಕದು.

ರನ್ನ ದುರ್ಯೋಧನನಿಗಾಗಿ ನಮ್ಮನ್ನು ಮರುಗಿಸುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಗದಾಯುದ್ಧದ ದುರ್ಯೋಧನನಿಗೆ ಬಹುತೇಕ ಎಲ್ಲವೂ ಮುಗಿದಿದೆ. ಹದಿನೆಂಟನೆಯ ದಿನ. ಗೆಲ್ಲುವ ಆಸೆ ಇಲ್ಲ. ಸಂಧಿ ಮಾಡಿಕೋ ಎಂದು ತಂದೆ ತಾಯಿ ಬೇಡಿದ್ದಾರೆ, ಅವನು ಒಪ್ಪಿಲ್ಲ. ಶರಶಯ್ಯೆಯ ಮೇಲಿರುವ ಭೀಷ್ಮನನ್ನು ನೋಡಲು ಸಂಜಯನ ಜೊತೆ ಹೊರಡುತ್ತಾನೆ. ದಾರಿ ಯುದ್ಧಭೂಮಿಯ ನಡುವೆ. ಆನೆಯ ಹೆಣ, ಮುರಿದ ರಥ, ನೆತ್ತರ ಕೆಸರು. ಹನ್ನೊಂದು ಅಕ್ಷೋಹಿಣಿಯ ಒಡೆಯ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ. ಹೆಣ ತಿನ್ನಲು ಬಂದ ಮರುಳುಗಳು ಕೂಡ ಅವನನ್ನು ಹಂಗಿಸುತ್ತವೆ.

ಆ ದಾರಿಯಲ್ಲಿ ಸಿಗುವವರನ್ನು ಗಮನಿಸಿ. ಮೊದಲು ಗುರು ದ್ರೋಣನ ದೇಹ. ಆಮೇಲೆ ಅಭಿಮನ್ಯು. ಅಭಿಮನ್ಯು ಶತ್ರುವಿನ ಮಗ, ತನ್ನ ಮಗನನ್ನು ಕೊಂದವನು, ತನ್ನ ಕಡೆಯವರು ಹಲವರು ಸೇರಿ ಮುತ್ತಿ ಕೊಂದ ಹುಡುಗ. ಅಗ್ಗದ ಖಳ ಇಲ್ಲಿ ಕಾಲಿನಿಂದ ಒದ್ದು ಮುಂದೆ ಹೋಗುತ್ತಿದ್ದ. ದುರ್ಯೋಧನ ನಿಂತು ಕೈಮುಗಿಯುವ ದನಿಯಲ್ಲಿ ಕೇಳಿಕೊಳ್ಳುತ್ತಾನೆ: ನಿನ್ನ ಪರಾಕ್ರಮ ಬೇರೆಯವರಿಗೆ ಅಸಾಧ್ಯ, ನಿನ್ನ ಸಾಹಸದ ಒಂದಂಶವನ್ನಾದರೂ ಹೋಲುವ ಸಾವು ನನಗೆ ಬರಲಿ. ಯುದ್ಧ ಸೋತ ರಾಜ ಒಬ್ಬ ಹುಡುಗನ ಹೆಣದ ಮುಂದೆ ಸಾವಿನ ವರ ಬೇಡುತ್ತಿದ್ದಾನೆ.

ತುಸು ಮುಂದೆ ಸ್ವಂತ ಮಗ ಲಕ್ಷಣಕುಮಾರ. ಅಲ್ಲಿ ರನ್ನ ಬರೆದದ್ದು ನಾಲ್ಕೇ ಸಾಲು: 'ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ'. ಅಪ್ಪನಿಗೆ ಮಗ ತರ್ಪಣ ಕೊಡಬೇಕಾದದ್ದು ಕ್ರಮ, ಈಗ ನಿನಗೆ ನಾನು ಕೊಡುವಂತಾಯಿತೇ, ಕ್ರಮವನ್ನೇ ತಿರುವುಮುರುವು ಮಾಡಿದೆಯಾ ಮಗನೇ ಎನ್ನುತ್ತಾನೆ. ಇದು ರಾಜನ ಮಾತಲ್ಲ. ಯಾವ ಊರಿನ ಯಾವ ಅಪ್ಪನೂ ಆಡಬಹುದಾದ ಮಾತು. ದುಶ್ಶಾಸನನ ಮುಂದೆ ಇದೇ ಕ್ರಮದ ಮಾತು ಇನ್ನೊಂದು ರೂಪದಲ್ಲಿ ಬರುತ್ತದೆ. ತಾಯಿಯ ಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಎಲ್ಲದರಲ್ಲೂ ನನ್ನ ಹಿಂದೆಯೇ ಇದ್ದೆ, ಸಾವಿನಲ್ಲಿ ಮಾತ್ರ ಮುಂದೆ ಹೋದೆ.

ಕರ್ಣನ ಹತ್ತಿರ ಬಂದಾಗ ಇನ್ನೊಂದು ಪದರ ತೆರೆಯುತ್ತದೆ. ನೀನು ಯಾರೆಂದು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು ಎನ್ನುತ್ತಾನೆ. ಅಂದರೆ ಶತ್ರುಗಳ ಅಣ್ಣ ಎಂದು ಗೊತ್ತಿದ್ದೂ ಅವನನ್ನು ಎದೆಗೆ ಹಚ್ಚಿಕೊಂಡಿದ್ದ. ಇಷ್ಟು ದಿನ ಕರ್ಣನ ಸ್ನೇಹವನ್ನು ದುರ್ಯೋಧನನ ಲೆಕ್ಕಾಚಾರ ಎಂದು ತಿಳಿದಿದ್ದವರು ಇಲ್ಲಿ ಲೆಕ್ಕವನ್ನು ಮತ್ತೆ ಮಾಡಬೇಕು.

ರನ್ನನ ದಾರಿ ಇದು: ಖಳ ತನಗಾಗಿ ಅಳುವುದಿಲ್ಲ, ಬೇರೆಯವರಿಗಾಗಿ ಅಳುತ್ತಾನೆ. ಅವನು ಎಲ್ಲಾದರೂ ಕುಳಿತು 'ನನಗೆ ಅನ್ಯಾಯವಾಯಿತು' ಎಂದು ಗೋಳಾಡಿದ್ದರೆ ನಮ್ಮ ಕನಿಕರ ಅಲ್ಲಿಯೇ ಆರಿಹೋಗುತ್ತಿತ್ತು.

ಹಾಗಾದರೆ ರನ್ನ ದುರ್ಯೋಧನನ ಪಕ್ಷದವನೇ?

ಅಲ್ಲ. ಅವನ ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮನೆಂದು ಹಾಡಿದ ಕಾವ್ಯ ಅದು, ಕೊನೆಗೆ ಪಟ್ಟ ಕಟ್ಟಿಸಿಕೊಳ್ಳುವವನೂ ಭೀಮನೇ. ಇದರಲ್ಲಿ ಆಸ್ಥಾನದ ಜಾಣತನವೂ ಇದೆ. ಸೋತವನು ಎಷ್ಟು ದೊಡ್ಡವನೋ ಗೆದ್ದವನು ಅದಕ್ಕಿಂತ ದೊಡ್ಡವನಾಗುತ್ತಾನೆ. ಆದರೆ ಅಷ್ಟೇ ಆಗಿದ್ದರೆ ಲಕ್ಷಣಕುಮಾರನ ಪದ್ಯ ಬೇಕಿರಲಿಲ್ಲ.

ಹೆಚ್ಚು ಜನ ಮರೆಯುವ ವಿಷಯವೊಂದಿದೆ. ಕಾವ್ಯದ ಆರಂಭದಲ್ಲಿಯೇ ರನ್ನ ದ್ರೌಪದಿಯ ಬಾಯಿ ಬಿಡಿಸುತ್ತಾನೆ. ಬಿಚ್ಚಿದ ಮುಡಿಯ ಹೆಣ್ಣು ಭೀಮನ ಮುಂದೆ ನಿಂತು ತನ್ನ ಅವಮಾನವನ್ನು ನೆನಪಿಸಿದ ಮೇಲೆಯೇ ಕತೆ ದುರ್ಯೋಧನನ ಕಡೆಗೆ ಹೊರಳುತ್ತದೆ. ಸಭೆಯಲ್ಲಿ ನಡೆದದ್ದನ್ನು ಮುಚ್ಚಿಟ್ಟು ಅವನು ಕನಿಕರ ಕೇಳುವುದಿಲ್ಲ. ಅದನ್ನು ಮೊದಲೇ ಕೇಳಿಸಿಕೊಂಡಿದ್ದೀರಿ, ಈಗ ಇವನನ್ನೂ ನೋಡಿ ಎನ್ನುತ್ತಾನೆ. ಇವತ್ತಿನ ಎಷ್ಟೋ ಚಿತ್ರಕಥೆಗಾರರಿಗೆ ಇಲ್ಲದ ಧೈರ್ಯ ಇದು.

ಖಳನ ಕಹಿ ಬಾಲ್ಯವನ್ನು ತೋರಿಸಿದರೆ ಕನಿಕರ ತಾನಾಗಿ ಬರುವುದಿಲ್ಲವೇ?

ಈಗಿನ ಚಿತ್ರಗಳ ನೆಚ್ಚಿನ ಸೂತ್ರ ಇದೇ. ಮಧ್ಯಂತರದ ನಂತರ ಹತ್ತು ನಿಮಿಷ ಹಳದಿ ಬೆಳಕಿನಲ್ಲಿ ಬಡ ಹುಡುಗ, ಕುಡುಕ ಅಪ್ಪ, ಊರಿನವರ ಅವಮಾನ. ಹಿನ್ನೆಲೆಯಲ್ಲಿ ಕೊಳಲು. ಪ್ರೇಕ್ಷಕನಿಗೆ ಕಾರಣ ಸಿಗುತ್ತದೆ. ಕಾರಣ ಸಿಕ್ಕ ಮಾತ್ರಕ್ಕೆ ಕನಿಕರ ಹುಟ್ಟಬೇಕೆಂದಿಲ್ಲ.

ಶಕುನಿಯನ್ನೇ ನೋಡಿ. ವ್ಯಾಸಭಾರತದಲ್ಲಿಲ್ಲದ ಒಂದು ಕತೆಯನ್ನು ಜನ ಅವನಿಗಾಗಿ ಕಟ್ಟಿದ್ದಾರೆ: ಗಾಂಧಾರದ ಅಣ್ಣತಮ್ಮಂದಿರನ್ನು ಸೆರೆಯಲ್ಲಿಟ್ಟು, ದಿನಕ್ಕೆ ಹಿಡಿ ಅನ್ನ ಕೊಟ್ಟರು, ಎಲ್ಲರೂ ತಮ್ಮ ಪಾಲನ್ನು ಒಬ್ಬನಿಗೇ ಬಿಟ್ಟು ಸತ್ತರು, ಉಳಿದ ಶಕುನಿ ಮೂಳೆಯಿಂದ ದಾಳ ಮಾಡಿಕೊಂಡು ಹಗೆ ತೀರಿಸಿದ. ಇದಕ್ಕಿಂತ ಘೋರವಾದ ಹಿನ್ನೆಲೆ ಬೇಕೇ? ಆದರೂ ಶಕುನಿಗಾಗಿ ಕಣ್ಣೀರು ಹಾಕಿದವರನ್ನು ನಾನು ಕಂಡಿಲ್ಲ. ಅವನ ಜಾಣತನಕ್ಕೆ ತಲೆದೂಗುತ್ತಾರೆ, ಅಷ್ಟೇ. ಅವನು ಯಾರನ್ನೂ ಪ್ರೀತಿಸಿದ್ದನ್ನು, ಯಾರಿಗಾಗಿಯೂ ತನ್ನದನ್ನು ಬಿಟ್ಟುಕೊಟ್ಟಿದ್ದನ್ನು ಕತೆ ನಮಗೆ ತೋರಿಸುವುದಿಲ್ಲ. ರನ್ನನ ದುರ್ಯೋಧನನಿಗೆ ಅಂಥ ನೆಪಗಳ ಪಟ್ಟಿ ಇಲ್ಲ. ಅವನ ಕೈಯಲ್ಲಿರುವುದು ಛಲ ಮಾತ್ರ: 'ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ'. ನೆಲಕ್ಕಾಗಿ ಹೋರಾಡುತ್ತೇನೆ ಎಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಬಾಳುವುದುಂಟೇ, ಈ ನೆಲ ನನಗೆ ಪಾಳು ನೆಲ ಎನ್ನುತ್ತಾನೆ. ರಾಜ್ಯಕ್ಕಾಗಿ ಶುರುವಾದ ಜಗಳದಲ್ಲಿ ಕೊನೆಗೆ ರಾಜ್ಯವೇ ಬೇಡವಾಗಿದೆ.

ದುರ್ಯೋಧನ ಕೊಳದೊಳಗೆ ಅಡಗಿ ಕುಳಿತದ್ದು ಹೇಡಿತನವಲ್ಲವೇ?

ಒಂದು ದಿನ ಕಳೆಯಲಿ ಎಂದು ಭೀಷ್ಮನೇ ಸೂಚಿಸಿದ್ದ ಉಪಾಯ ಅದು. ಅಲ್ಲಿ ಬರುವ 'ನೀರೊಳಗಿರ್ದುಂ ಬೆಮರ್ತನುರಗಪತಾಕಂ' ಎಂಬ ಸಾಲು ಎಲ್ಲರ ಬಾಯಲ್ಲೂ ಇದೆ: ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದೂ ಬೆವತ. ಭೀಮನ ಅಬ್ಬರ ಕೇಳಿ ಹೆದರಿ ಬೆವತ ಎಂದು ಹಲವರು ತರಗತಿಯಲ್ಲಿ ಹೇಳಿ ಮುಗಿಸುತ್ತಾರೆ. ಅದೇ ಪದ್ಯದಲ್ಲಿ ಅವನು 'ಕೋಪಾರುಣನೇತ್ರಂ'. ಕಣ್ಣು ಕೆಂಪಾಗಿದೆ, ಸಿಟ್ಟಿನಿಂದ ಮೈ ಕಾದಿದೆ. ಇಡೀ ಪದ್ಯ ಓದದೆ ಒಂದು ಸಾಲನ್ನು ಹೊತ್ತು ತಿರುಗಿದರೆ ಹೀಗಾಗುತ್ತದೆ.

ಕರ್ಣನೂ ಖಳನೇ?

ಅಲ್ಲ. ಅವನು ತಪ್ಪು ಪಕ್ಷದಲ್ಲಿ ನಿಂತ ನಾಯಕ. ಅವನಿಗೆ ಮರುಗುವುದು ಸುಲಭ, ಅದಕ್ಕೆ ಕವಿಯ ಕೌಶಲ ಹೆಚ್ಚು ಬೇಡ. ದುರ್ಯೋಧನನಿಗೆ ಮರುಗಿಸುವುದು ಕಷ್ಟದ ಕೆಲಸ.

ರಾವಣನ ವಿಷಯವೇನು? ಪರಸ್ತ್ರೀಯನ್ನು ಕದ್ದೊಯ್ದವನಿಗೂ ಮರುಗಬೇಕೇ?

ಬೇಕು ಎಂದು ಯಾರೂ ಕಟ್ಟಪ್ಪಣೆ ಮಾಡುವುದಿಲ್ಲ. ಕಾವ್ಯಶಾಸ್ತ್ರ ಬರೆದ ಆಲಂಕಾರಿಕರು ಕೂಡ ಇಲ್ಲಿ ಎಚ್ಚರದಿಂದ ಇದ್ದರು. ಸೀತೆಯ ಮೇಲೆ ರಾವಣನಿಗಿದ್ದದ್ದು ಶೃಂಗಾರವಲ್ಲ, ಶೃಂಗಾರಾಭಾಸ, ಅಂದರೆ ಶೃಂಗಾರದಂತೆ ಕಾಣುವ ಹುಸಿ ಎಂದು ಬೇರೆ ಗೆರೆ ಎಳೆದರು. ಒಲ್ಲದ ಹೆಣ್ಣಿನ ಹಿಂದೆ ಬಿದ್ದು ಕಾಡುವುದನ್ನು ಪ್ರೇಮವೆಂದು ಹಾಡು ಹಾಕಿ ತೋರಿಸುವ ನಮ್ಮ ಚಿತ್ರಗಳಿಗೆ ಈ ಗೆರೆಯನ್ನು ಯಾರಾದರೂ ನೆನಪಿಸಿದರೆ ಉಪಕಾರವಾದೀತು.

ನಾಗಚಂದ್ರನದು ಜೈನ ಪರಂಪರೆಯ ರಾಮಾಯಣ. ಅಲ್ಲಿ ರಾವಣನಿಗೆ ಒಂದು ವ್ರತವಿದೆ, ಒಲ್ಲದ ಹೆಣ್ಣನ್ನು ಮುಟ್ಟಲಾರ. ಅಂಥವನ ಮನಸ್ಸೂ ಸೀತೆಯನ್ನು ಕಂಡು ಕದಡಿದಾಗ ಕವಿ ಕೊಡುವ ಮಾತು, 'ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ'. ಕಡಲು ಕೂಡ ಒಮ್ಮೊಮ್ಮೆ ಎಲ್ಲೆ ಮೀರುವುದಿಲ್ಲವೇ! ಮುಂದೆ ತನ್ನ ಮಾತು ಕೇಳಿ ಮೂರ್ಛೆ ಹೋದ ಸೀತೆಯನ್ನು ನೋಡಿ ಅವನು ನಾಚುತ್ತಾನೆ, ಮನಸ್ಸು ತಿಳಿಯಾಗುತ್ತದೆ. ಆಗಲೇ ಅವಳನ್ನು ಒಪ್ಪಿಸಿಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆದರಿ ಕೊಟ್ಟ ಎಂದು ಲೋಕ ಆಡಿಕೊಂಡೀತು, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎಂದು ನಿರ್ಧರಿಸುತ್ತಾನೆ. ಅವನನ್ನು ಮುಗಿಸಿದ್ದು ಕಾಮಕ್ಕಿಂತ ಹೆಚ್ಚಾಗಿ ಈ ಬಿಗುಮಾನ. ಗ್ರೀಕ್ ರುದ್ರನಾಟಕಗಳನ್ನು ಬಲ್ಲ ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತ ನಾಯಕನನ್ನು ಕಂಡದ್ದು ಇದಕ್ಕೇ.

ಕುವೆಂಪು ತಮ್ಮ ರಾಮಾಯಣದಲ್ಲಿ ಇನ್ನೂ ಮುಂದೆ ಹೋದರು. ಅವರ ರಾವಣ ಕನಸಿನಲ್ಲಿ ಸೀತೆಯ ಮಡಿಲ ಮಗುವಾಗುತ್ತಾನೆ. ನನಗೆ ವೈಯಕ್ತಿಕವಾಗಿ ನಾಗಚಂದ್ರನ ರಾವಣನೇ ಹೆಚ್ಚು ಹತ್ತಿರ. ಉದ್ಧಾರವಾಗುವ ಖಳನಿಗಿಂತ, ಉದ್ಧಾರದ ಬಾಗಿಲ ತನಕ ಬಂದು ಬಿಗುಮಾನಕ್ಕೆ ಹಿಂದಿರುಗುವ ಖಳ ನಮ್ಮಂತೆಯೇ ಕಾಣುತ್ತಾನೆ. ಆದರೆ ಕುವೆಂಪು ಅವರ ಮಂಥರೆಯ ಮುಂದೆ ಈ ತಕರಾರು ನಿಲ್ಲುವುದಿಲ್ಲ. 'ಮಮತೆಯ ಸುಳಿ ಮಂಥರೆ' ಎಂಬ ಹೆಸರೇ ಸಾಕು. ಎಲ್ಲರೂ ಹೇಸುವ ಗೂನು ಬೆನ್ನಿನ ಮುದುಕಿಗೆ ಸಿಕ್ಕ ಪ್ರೀತಿ ಒಂದೇ, ಆ ಪ್ರೀತಿಯೇ ಅಯೋಧ್ಯೆಯನ್ನು ಮುಳುಗಿಸಿತು.

ಯಕ್ಷಗಾನದಲ್ಲಿ ಖಳ ಪಾತ್ರಗಳೇ ಯಾಕೆ ಹೆಚ್ಚು ಮೆರೆಯುತ್ತವೆ?

ಅಲ್ಲಿ ರಾತ್ರಿಯ ತೂಕವೆಲ್ಲ ಎದುರು ಪಾತ್ರದ ಮೇಲೆ ನಿಂತಿರುತ್ತದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಅಬ್ಬರದ ಪ್ರವೇಶಕ್ಕಾಗಿ ನಿದ್ದೆ ತಡೆದು ಕಾಯುವವರಿದ್ದಾರೆ. ಆದರೆ ಕನಿಕರದ ದೃಷ್ಟಿಯಿಂದ ತಾಳಮದ್ದಳೆ ಇನ್ನೂ ಕುತೂಹಲದ್ದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಕಟ್ಟುತ್ತಾರೆ, ಆ ಮಾತು ಬರೆದಿಟ್ಟದ್ದಲ್ಲ. ಇಂದು ರಾಮನಾದವರು ನಾಳೆ ರಾವಣ.

ವಾಲಿಯ ಪ್ರಸಂಗ ಕೇಳಿ ನೋಡಿ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಮರೆಯಲ್ಲಿ ನಿಂತು ಹೊಡೆದೆ ಏಕೆ? ನಿನಗೂ ನನಗೂ ಏನು ವೈರ? ಹೆಂಡತಿಯನ್ನು ಹುಡುಕಿಸಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ವಾಲಿಯ ಅರ್ಥಧಾರಿ ಸಮರ್ಥನಾಗಿದ್ದರೆ ರಾಮನಾಗಿ ಕುಳಿತವರು ನಿಜವಾಗಿಯೂ ಬೆವರುತ್ತಾರೆ. ಅವತಾರಪುರುಷ ಎಂಬ ರಿಯಾಯಿತಿ ಅಲ್ಲಿ ಸಿಗುವುದಿಲ್ಲ, ವಾದದಲ್ಲಿ ಗೆಲ್ಲಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿ, ಮಾಗಧ (ಜರಾಸಂಧ) ಪಾತ್ರಗಳನ್ನು ಕೇಳಿದವರು ಇಂದಿಗೂ ಆ ಮಾತುಗಳನ್ನು ಮೆಲುಕು ಹಾಕುತ್ತಾರೆ. ಹಾಗೆ ಕೇಳಿ ಮನೆಗೆ ಹೋದವರು ರಾಮಭಕ್ತಿಯನ್ನೇನೂ ಬಿಟ್ಟಿಲ್ಲ.

ಕನಿಕರದಲ್ಲಿ ನಟನ ಪಾಲು ಎಷ್ಟು?

ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು. ರಾಜ್‌ಕುಮಾರ್ ಅವರು 1958ರ ಭೂಕೈಲಾಸದಲ್ಲಿ ರಾವಣ, ಮರುವರ್ಷ ಮಹಿಷಾಸುರ, 1983ರ ಭಕ್ತ ಪ್ರಹ್ಲಾದದಲ್ಲಿ ಹಿರಣ್ಯಕಶಿಪು. ಭೂಕೈಲಾಸದ ಕತೆಯಲ್ಲಿ ರಾವಣ ತಾಯಿಗಾಗಿ ಆತ್ಮಲಿಂಗ ತರಲು ಹೋದ ಮಗ, ಗೋಕರ್ಣದಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಆ ಕತೆಗೆ ಆ ಕಂಠವೂ ಸೇರಿದರೆ ಪ್ರೇಕ್ಷಕ ಯಾರ ಕಡೆ ನಿಲ್ಲುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ಹಿರಣ್ಯಕಶಿಪುವಿನಲ್ಲಿ ಇನ್ನೊಂದು ಎಳೆ ಸೇರಿಕೊಂಡಿತು. ಪ್ರಹ್ಲಾದನಾಗಿದ್ದವರು ಅವರ ಸ್ವಂತ ಮಗ, ಮುಂದೆ ಪುನೀತ್ ಎಂದು ನಾಡಿಗೆಲ್ಲ ಪರಿಚಿತರಾದವರು. ಮಗನಿಗೆ ವಿಷ ಕೊಡಿಸುವ ಅಪ್ಪನ ಒದ್ದಾಟವನ್ನು ಬರಿಯ ರಾಕ್ಷಸತನವೆಂದು ನೋಡಲು ಪ್ರೇಕ್ಷಕರಿಗೆ ಆಗುತ್ತಿರಲಿಲ್ಲ.

ವಜ್ರಮುನಿಯವರ ದಾರಿ ಬೇರೆ. ರಂಗದ ಮೇಲೆ ಪ್ರಚಂಡ ರಾವಣನಾಗಿ ಹೆಸರು ಮಾಡಿ ಸಿನಿಮಾಕ್ಕೆ ಬಂದವರು. ಕಣ್ಣು, ಹುಬ್ಬು, ಗುಡುಗುವ ದನಿಯಿಂದ ಜನರ ಬೈಗುಳವನ್ನೇ ಪ್ರಶಸ್ತಿಯಾಗಿ ಗಳಿಸಿದರು. ಅವರ ಹೆಚ್ಚಿನ ಪಾತ್ರಗಳಿಗೆ ಚಿತ್ರಕಥೆ ಕನಿಕರದ ಅವಕಾಶ ಕೊಡಲಿಲ್ಲ. ಆದರೂ ಖಳ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ಮುಖ ಅವರದೇ, ಅದೂ ಪ್ರೀತಿಯಿಂದ. ಅದು ನಟನ ಮೇಲಿನ ಪ್ರೀತಿ, ಪಾತ್ರದ ಮೇಲಿನದಲ್ಲ. ಇವೆರಡನ್ನೂ ಕಲಸಬಾರದು.

ರೌಡಿಗಳನ್ನು ಮೆರೆಸುವ ಚಿತ್ರಗಳೂ ಇದೇ ಜಾತಿಯವೇ?

ಹೋಲಿಕೆ ಮೇಲುಮೇಲಿನದು. ಒಂದು ಪರೀಕ್ಷೆ ಇದೆ, ಮಾಡಿ ನೋಡಿ: ಚಿತ್ರ ಮುಗಿದ ಮೇಲೆ ಅವನ ಕೈಯಲ್ಲಿ ಸತ್ತವರಲ್ಲಿ ಎಷ್ಟು ಜನರ ಮುಖ ನೆನಪಿದೆ? ಎಷ್ಟು ಜನರ ಹೆಸರು? ರನ್ನನಲ್ಲಿ ದ್ರೌಪದಿಗೆ ಮಾತಿದೆ, ಅಭಿಮನ್ಯುವಿಗೆ ಗೌರವವಿದೆ. ಲಾಂಗು ಮಚ್ಚಿನ ಚಿತ್ರಗಳಲ್ಲಿ ಸಾಯುವವರು ಸಾಲಾಗಿ ಓಡಿಬರುವ ಆಕಾರಗಳು. ಹೆಂಡತಿಯೋ ತಂಗಿಯೋ ಸತ್ತರೆ ಅದು ನಾಯಕನ ಸಿಟ್ಟಿಗೆ ಇಂಧನ. ನೋವು ಒಬ್ಬನಿಗೆ ಮಾತ್ರ ಎಂದು ತೋರಿಸುವ ಚಿತ್ರ ಕನಿಕರವನ್ನು ಕಲಿಸುತ್ತಿಲ್ಲ, ಕನಿಕರವನ್ನು ಒಬ್ಬನ ಹೆಸರಿಗೆ ಬರೆದುಕೊಡುತ್ತಿದೆ.

ಇಂಥ ಚಿತ್ರ ನೋಡಿ ಯಾರಾದರೂ ಮಚ್ಚು ಹಿಡಿಯುತ್ತಾರೆಯೇ ಎಂಬುದು ಬೇರೆ ಚರ್ಚೆ. ಅದಕ್ಕೆ ಚಿತ್ರವೊಂದನ್ನೇ ಹೊಣೆ ಮಾಡುವುದು ಸುಲಭದ ದಾರಿ. ನನ್ನ ತಕರಾರು ಕಲೆಯ ಮೇಲಿನದು. ಅವು ಮೈಗಳ್ಳ ಚಿತ್ರಗಳು.

ಕತೆಯ ಖಳ ನಿಜವಾಗಿ ಸೋತವರ ರಾಜನಿರಬಹುದಲ್ಲವೇ?

ಈ ಪ್ರಶ್ನೆಯನ್ನು ಈಚೆಗೆ ಹೆಚ್ಚು ಜನ ಕೇಳುತ್ತಿದ್ದಾರೆ, ಕೇಳಬೇಕಾದದ್ದೇ. ಮೈಸೂರಿನ ಹೆಸರಿನಲ್ಲಿಯೇ ಮಹಿಷನಿದ್ದಾನೆ. ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಹಾವು ಹಿಡಿದ ಅವನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳದ ಪ್ರವಾಸಿಗರಿಲ್ಲ. ಅವನು ರಾಕ್ಷಸನಲ್ಲ, ಈ ನೆಲದ ಅರಸು ಎಂದು ನಂಬಿ ಮಹಿಷ ದಸರಾ ಆಚರಿಸುವವರಿದ್ದಾರೆ, ಅದನ್ನು ವಿರೋಧಿಸುವವರೂ ಇದ್ದಾರೆ. ಅದು ಇತಿಹಾಸವೇ ಎಂಬುದನ್ನು ಶಾಸನ, ಉತ್ಖನನಗಳು ಹೇಳಬೇಕು. ಕಾವ್ಯದ ಮೇಲಿನ ಕನಿಕರವನ್ನು ಸಾಕ್ಷ್ಯವಾಗಿ ಒಪ್ಪಿಸಲಾಗದು.

ಇನ್ನು ಬಲಿ ಚಕ್ರವರ್ತಿ. ಅವನು ಅಸುರ, ವಾಮನನ ಪಾದದಡಿ ಪಾತಾಳಕ್ಕೆ ಹೋದವನು. ಆದರೆ ದೀಪಾವಳಿಯಲ್ಲಿ ಅವನ ಹೆಸರಿನದೇ ಪಾಡ್ಯವಿದೆ. ಕರಾವಳಿಯ ಮನೆಗಳಲ್ಲಿ ದೀಪ ಹಚ್ಚಿ, ಗದ್ದೆಯ ಕಡೆ ಮುಖ ಮಾಡಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಅದೇ ಮನೆಯಲ್ಲಿ ವಿಷ್ಣುವಿಗೂ ಪೂಜೆ ನಡೆಯುತ್ತದೆ. ಗೆದ್ದ ದೇವರನ್ನೂ ಸೋತ ಅಸುರನನ್ನೂ ಒಂದೇ ಜಗುಲಿಯಲ್ಲಿ ಕರೆಯುವುದರಲ್ಲಿ ಆ ಮನೆಯ ಯಾರಿಗೂ ತೊಡಕು ಕಂಡಿಲ್ಲ.

ಮಕ್ಕಳು ಖಳನ ಪಕ್ಷ ವಹಿಸಿದರೆ ತಿದ್ದಬೇಕೇ?

ಬೇಡ. 'ಭೀಮ ತೊಡೆಗೆ ಹೊಡೆದದ್ದು ಮೋಸ ಅಲ್ಲವಾ?' ಎಂದು ಕೇಳುವ ಮಗು ನಿಯಮವನ್ನು ಅರ್ಥ ಮಾಡಿಕೊಂಡಿದೆ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಾರದು, ಅದಕ್ಕಾಗಿ ಬಲರಾಮನೇ ಸಿಟ್ಟಾದ ಎಂದು ಹೇಳಿ. ಜೊತೆಗೆ ಆ ತೊಡೆಯನ್ನು ತಟ್ಟಿ ದುರ್ಯೋಧನ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಕರೆದಿದ್ದ ಎಂಬುದನ್ನೂ ಹೇಳಿ. ಮುಂದಿನದನ್ನು ಮಗುವೇ ಯೋಚಿಸಲಿ.

ಹಳಗನ್ನಡ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಗದಾಯುದ್ಧವನ್ನು ಮೊದಲ ಪದ್ಯದಿಂದ ಹಿಡಿಯಬೇಡಿ, ಸ್ತುತಿ ಪದ್ಯಗಳಲ್ಲಿಯೇ ಕೈಬಿಡುತ್ತೀರಿ. ದುರ್ಯೋಧನ ರಣರಂಗದಲ್ಲಿ ನಡೆಯುವ ಭಾಗವನ್ನು, ಶಾಲೆ ಕಾಲೇಜಿನ ಪಠ್ಯಗಳಲ್ಲಿ 'ದುರ್ಯೋಧನ ವಿಲಾಪ' ಎಂಬಂಥ ಹೆಸರಿನಲ್ಲಿ ಬರುವ ತುಣುಕನ್ನು ಹೊಸಗನ್ನಡ ಗದ್ಯಾನುವಾದದ ಜೊತೆ ಇಟ್ಟುಕೊಳ್ಳಿ. ಮೊದಲು ಗದ್ಯ, ಆಮೇಲೆ ಪದ್ಯವನ್ನು ಗಟ್ಟಿಯಾಗಿ. ಕಂದಪದ್ಯಗಳು ಬಾಯಿಗೆ ಬಂದರೆ ಅರ್ಧ ಅರ್ಥವಾದಂತೆ. ನಂತರ ಬಿ.ಎಂ. ಶ್ರೀಯವರು 1926ರಲ್ಲಿ ರನ್ನನ ಪದ್ಯಗಳನ್ನೇ ಜೋಡಿಸಿ ಕಟ್ಟಿದ ಗದಾಯುದ್ಧ ನಾಟಕ ಓದಿ. ಅಲ್ಲಿ ದುರ್ಯೋಧನ ಗ್ರೀಕ್ ರಂಗದ ನಾಯಕನ ಹಾಗೆ ನಿಂತಿರುತ್ತಾನೆ, ರನ್ನನಿಗಿಂತ ಎಲ್ಲಿ ಬೇರೆಯಾದ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಓದುವುದಕ್ಕಿಂತ ಕೇಳುವುದು ಹಿತವೆನಿಸಿದರೆ ವಾಲಿಯದೋ ರಾವಣನದೋ ಒಂದು ತಾಳಮದ್ದಳೆಯ ಧ್ವನಿಮುದ್ರಣ ಹುಡುಕಿ. ಮೂರು ಗಂಟೆಗಿಂತ ಚಿಕ್ಕದನ್ನು ಆರಿಸಬೇಡಿ, ಕತ್ತರಿಸಿದ ತುಣುಕುಗಳಲ್ಲಿ ಚಪ್ಪಾಳೆಯ ಮಾತುಗಳಷ್ಟೇ ಉಳಿದಿರುತ್ತವೆ, ವಾದ ಹೋಗಿರುತ್ತದೆ.